ಶಕ್ತಿ ಇಲ್ಲದ ಸೂಪರ್‌ಹೀರೋ

ಪ್ರಶ್ನೆ: ನಾನು ಚಿತ್ರದುರ್ಗದ ಹತ್ತನೇ ಕ್ಲಾಸ್ ಹುಡುಗ. ಸೂಪರ್‌ಹೀರೋ ಆಗುವ ಆಸೆ. ಅಮ್ಮನ ಹಳೇ ಸೀರೆಯಲ್ಲಿ ವೇಷ ಹೊಲಿದುಕೊಂಡಿದ್ದೇನೆ. ಆದರೆ ಯಾವ ಶಕ್ತಿಯೂ ಇಲ್ಲ, ಗೋಡೆ ಹತ್ತಲೂ ಬರಲ್ಲ. ಗೆಳೆಯರು ನಗುತ್ತಾರೆ. ಏನು ಮಾಡಲಿ ಮೇಷ್ಟ್ರೇ?

ಉತ್ತರ: ನಗಲಿ ಬಿಡಪ್ಪ. ಹೊಲಿಗೆ ಬರುತ್ತಲ್ಲ, ಅದೇನು ಸಣ್ಣ ವಿದ್ಯೆಯೇ? ಬೆನ್ನ ಹಿಂದೆ ಹಾರಾಡುವ ಸೆರಗನ್ನು ಮಾತ್ರ ಮೊದಲು ಕತ್ತರಿಸು. ಸೈಕಲ್ ಚೈನಿಗೆ ಸಿಕ್ಕಿತೋ, ಕಥೆ ಮುಗೀತು.

ನಮ್ಮ ಕೋಟೆಯಲ್ಲಿ ಹಗ್ಗವಿಲ್ಲದೆ ಗೋಡೆ ಏರುವ ಕೋತಿರಾಜ್ ಅವರದು ವರ್ಷಗಟ್ಟಲೆಯ ಅಭ್ಯಾಸ. ಸುಮ್ನೆ ನೋಡಿ ಹತ್ತಲು ಹೋಗಬೇಡ. ಓಬವ್ವನನ್ನು ತಗೋ. ಗಂಡ ಊಟಕ್ಕೆ ಕೂತಿದ್ದ, ಈಕೆ ನೀರಿಗೆ ಹೋಗಿದ್ದಳು. ಕಿಂಡಿಯಲ್ಲಿ ಹೈದರಾಲಿಯ ಸೈನಿಕರ ಸದ್ದು ಕೇಳಿತು. ಕೈಗೆ ಸಿಕ್ಕಿದ್ದು ಒನಕೆ. ಆ ಇಕ್ಕಟ್ಟಿನಲ್ಲಿ ಒಬ್ಬೊಬ್ಬರೇ ತೂರಿ ಬರಬೇಕು, ಅದೇ ಅವಳಿಗೆ ಅನುಕೂಲವಾಯಿತು. ಮಾಯಾಶಕ್ತಿ ಅವಳಿಗೂ ಇರಲಿಲ್ಲ, ಸಮಯಪ್ರಜ್ಞೆ ಇತ್ತು.

ನೀನೂ ಹಾಗೆ ಸಮಯಕ್ಕಾಗುವ ಸಿಪಿಆರ್ ಕಲಿ, ಅಂದರೆ ಹೃದಯ ನಿಂತವರ ಎದೆ ಒತ್ತಿ ಜೀವ ಉಳಿಸಲು ನೋಡುವ ಪ್ರಥಮ ಚಿಕಿತ್ಸೆ. ಪ್ರಜ್ಞೆ, ಉಸಿರು ಎರಡೂ ಇಲ್ಲದೆ ಬಿದ್ದವರಿದ್ದರೆ 112ಕ್ಕೆ ಫೋನ್ ಮಾಡಿಸು. ಎದೆಯ ನಡುವೆ ಒಂದರ ಮೇಲೊಂದು ಅಂಗೈ ಇಟ್ಟು, ದೊಡ್ಡವರಿಗಾದರೆ 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಮೊಣಕೈ ಬಗ್ಗಬಾರದು. ತರಬೇತಿ ಪಡೆದವರ ಹತ್ತಿರ ಗೊಂಬೆಯ ಮೇಲೆ ಕಲಿತರೆ ಕೈ ಕೂರುತ್ತದೆ.

ಹೆದ್ದಾರಿ ನಮ್ಮೂರ ಪಕ್ಕದಲ್ಲೇ ಇದೆ, ಅಲ್ವಾ? ಅಪಘಾತದಲ್ಲಿ ಸಹಾಯ ಮಾಡಿದವರನ್ನು ಹೆಸರು ಹೇಳು ಅಂತ ಬಲವಂತ ಮಾಡುವಂತಿಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯೇ ಅವರಿಗೆ ರಕ್ಷಣೆ ಕೊಟ್ಟಿದೆ. ಗುಟ್ಟಾಗಿರಬೇಕು ಅನ್ನೋ ಹೀರೋಗೆ ಇನ್ನೇನು ಬೇಕು! ಮುಖವಾಡ ಮಾತ್ರ ಆಗ ತೆಗೆದಿಡು, ಗಾಯಾಳು ಗಾಬರಿಯಾದಾನು.