ಕಬ್ಬಿಣದ ಮಾತ್ರೆ ನುಂಗಿದರೂ ರಕ್ತ ಏರುತ್ತಿಲ್ಲ, ಏಕೆ?

ಪ್ರಶ್ನೆ: ನನಗೀಗ ಐದು ತಿಂಗಳು. ಎರಡು ತಿಂಗಳಿಂದ ಆಶಾ ಕಾರ್ಯಕರ್ತೆ ಕೊಟ್ಟ ಕೆಂಪು ಮಾತ್ರೆಯನ್ನು ದಿನಕ್ಕೊಂದರಂತೆ, ಕ್ಯಾಲ್ಸಿಯಂ ಮಾತ್ರೆಯ ಜೊತೆ, ಬೆಳಗಿನ ತಿಂಡಿ–ಕಾಫಿ ಆದಮೇಲೆ ತೆಗೆದುಕೊಳ್ಳುತ್ತಿದ್ದೇನೆ. ಆದರೂ ಹಿಮೋಗ್ಲೋಬಿನ್ 9.2. ವಾಕರಿಕೆ ಬರುತ್ತದೆ, ಮಲ ಕಪ್ಪಗೆ ಹೋಗುತ್ತದೆ. ಮಗುವೂ ಕಪ್ಪಾಗುತ್ತದೆ, ಅದರ ಬದಲು ರಾಗಿ, ಖರ್ಜೂರ ತಿನ್ನು ಅನ್ನುತ್ತಾರೆ ಅತ್ತೆ. ಸಾಕೇ?

ಉತ್ತರ: ಮಾತ್ರೆ ನಿಲ್ಲಿಸಬೇಡಿ, ತೆಗೆದುಕೊಳ್ಳುವ ಹೊತ್ತು ಬದಲಿಸಿ. ಕಾಫಿ, ಟೀಯಲ್ಲಿರುವ ಒಗರಿನ ಅಂಶ ಕಬ್ಬಿಣವನ್ನು ಹಿಡಿದಿಟ್ಟು ರಕ್ತಕ್ಕೆ ಸೇರದಂತೆ ಮಾಡುತ್ತದೆ. ಕ್ಯಾಲ್ಸಿಯಂ ಕೂಡ ಅಡ್ಡಗಾಲು ಹಾಕುತ್ತದೆ. ನಿಮ್ಮ ಮಾತ್ರೆಗೆ ದಿನವೂ ಎರಡೂ ಎದುರಾಗುತ್ತಿವೆ.

ರಾತ್ರಿ ಊಟವಾಗಿ ಒಂದೂವರೆ–ಎರಡು ಗಂಟೆ ಕಳೆದ ಮೇಲೆ, ಮಲಗುವ ಮುಂಚೆ, ಅರ್ಧ ಹೋಳು ನಿಂಬೆಹಣ್ಣು ಹಿಂಡಿದ ನೀರಿನಲ್ಲಿ ಮಾತ್ರೆ ನುಂಗಿ. ವಾಕರಿಕೆ ಶುರುವಾಗುವ ಹೊತ್ತಿಗೆ ನಿದ್ದೆ ಹತ್ತಿರುತ್ತದೆ, ಹೆಚ್ಚಿನವರಿಗೆ ಈ ಉಪಾಯ ಹಿಡಿಸುತ್ತದೆ. ಮಲಗುವಾಗ ಹಾಲು ಕುಡಿಯುವ ರೂಢಿ ಇದ್ದರೆ ಅದನ್ನು ಸಂಜೆಗೆ ತನ್ನಿ. ಕ್ಯಾಲ್ಸಿಯಂ 500 ಮಿ.ಗ್ರಾಂ ಮಾತ್ರೆ ತಿಂಡಿಯ ಜೊತೆ ಒಂದು, ಮಧ್ಯಾಹ್ನದ ಊಟದ ಜೊತೆ ಒಂದು.

ಇನ್ನು ಪ್ರಮಾಣ. ಕೆಂಪು ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ದಿನಕ್ಕೊಂದು ಅನ್ನುವುದು ಹಿಮೋಗ್ಲೋಬಿನ್ 11 ಅಥವಾ ಅದಕ್ಕಿಂತ ಹೆಚ್ಚಿರುವವರ ಲೆಕ್ಕ. ನಿಮ್ಮಷ್ಟು ಕಡಿಮೆ ಇದ್ದರೆ ಸರ್ಕಾರದ ಮಾರ್ಗಸೂಚಿಯಂತೆ ದಿನಕ್ಕೆ ಎರಡು ಬೇಕು. ತಾಯಿ ಕಾರ್ಡ್ ಹಿಡಿದು ವೈದ್ಯರನ್ನು ಕಂಡು ಇದನ್ನು ಸರಿಮಾಡಿಸಿಕೊಳ್ಳಿ. ಜಂತುಹುಳುವಿನ ಮಾತ್ರೆ, ಅಂದರೆ ಅಲ್ಬೆಂಡಜೋಲ್ 400 ಮಿ.ಗ್ರಾಂ, ಆಗಿದೆಯೇ ಅಂತಲೂ ಕೇಳಿ. ನಾಲ್ಕನೇ ತಿಂಗಳಿನಿಂದ ಅದನ್ನು ಒಮ್ಮೆ ಕೊಡುತ್ತಾರೆ, ಮೊದಲ ಮೂರು ತಿಂಗಳಲ್ಲಿ ಕೊಡುವುದಿಲ್ಲ.

ಮಲ ಕಪ್ಪಾಗುವುದು ಹೀರದೆ ಉಳಿದ ಕಬ್ಬಿಣದಿಂದ, ಗಾಬರಿ ಬೇಡ. ಮಗುವಿನ ಬಣ್ಣ ಅಪ್ಪ ಅಮ್ಮನಿಂದ ಬರುತ್ತದೆ, ಮಾತ್ರೆಯಿಂದಲ್ಲ. ಮಲಬದ್ಧತೆ ಕಾಡಿದರೆ ನೀರು, ಸೊಪ್ಪು, ಸೀಬೆಹಣ್ಣು ಹೆಚ್ಚಿಸಿ.

ಅತ್ತೆಯ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ರಾಗಿ ಒಳ್ಳೆಯದೇ, ಆದರೆ ಅದರ ಹೆಚ್ಚುಗಾರಿಕೆ ಕ್ಯಾಲ್ಸಿಯಂನಲ್ಲಿ. 100 ಗ್ರಾಂ ರಾಗಿಯಲ್ಲಿ ಕಬ್ಬಿಣ ಸಿಗುವುದು 4–5 ಮಿ.ಗ್ರಾಂ ಮಾತ್ರ, ಅದರಲ್ಲೂ ಮೈಗೆ ಹತ್ತುವುದು ಅಲ್ಪ. ಬಸುರಿಗೆ ದಿನಕ್ಕೆ ಬೇಕಾದದ್ದು 27 ಮಿ.ಗ್ರಾಂ. ಮೊಳಕೆ ಕಟ್ಟಿದ ಹುರಳಿ, ನುಗ್ಗೆಸೊಪ್ಪಿನ ಪಲ್ಯಕ್ಕೆ ಮೇಲಿಂದ ನಿಂಬೆರಸ ಹಿಂಡಿ, ನೆಲ್ಲಿಕಾಯಿ ನಂಚಿಕೊಳ್ಳಿ. ಇದು ಮಾತ್ರೆಗೆ ಜೊತೆ, ಬದಲಿ ಅಲ್ಲ.

ಒಂದು ತಿಂಗಳು ಹೀಗೆ ಮಾಡಿ ಮತ್ತೆ ರಕ್ತಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಕನಿಷ್ಠ 1 ಗ್ರಾಂ ಏರಬೇಕು. ಏರದಿದ್ದರೆ ವಿಟಮಿನ್ ಬಿ12 ಕೊರತೆಯೋ ಥಲಸ್ಸೀಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ, ವಂಶದಲ್ಲಿ ಬರುವ ದೋಷ) ಗುಣವೋ ಅಂತ ನೋಡಬೇಕಾಗುತ್ತದೆ, ಇಲ್ಲವೇ ಕಬ್ಬಿಣವನ್ನು ಡ್ರಿಪ್‌ನಲ್ಲಿ ಕೊಡುತ್ತಾರೆ. ಕೂತಲ್ಲೇ ಏದುಸಿರು, ಎದೆ ಡವಡವ, ಅಥವಾ ಹಿಮೋಗ್ಲೋಬಿನ್ 7ಕ್ಕಿಂತ ಕೆಳಗೆ ಬಂದರೆ ತಿಂಗಳು ಕಾಯಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.