ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತರೆ

ಓದುಗರ ಪ್ರಶ್ನೆ, ನನ್ನ ಉತ್ತರ

ಪ್ರಶ್ನೆ: ಮೇಡಂ, ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ, ನನ್ನ ಕೈಯಾರೆ ಕಂಪ್ಯೂಟರ್ ಜೋಡಿಸಿದೆ. ವೈರುಗಳನ್ನೆಲ್ಲ ಅಂದವಾಗಿ ಕಟ್ಟಿ, ಗಾಜಿನ ಬಾಗಿಲು ಹಾಕಿ ಬಟನ್ ಒತ್ತಿದರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತುಬಿಟ್ಟಿತು. ಮತ್ತೆ ಒತ್ತಿದರೆ ಮಿಸುಕಾಡುವುದಿಲ್ಲ. ಹಿಂಬದಿಯ ಸ್ವಿಚ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಮತ್ತದೇ ಅರ್ಧ ಸುತ್ತು. ರ‍್ಯಾಮ್ ಬದಲಿಸಿದೆ, ಗ್ರಾಫಿಕ್ಸ್ ಕಾರ್ಡ್ ತೆಗೆದೆ, ಬ್ಯಾಟರಿ ತೆಗೆದು ಹಾಕಿದೆ. ಗೆಳೆಯನ ಪವರ್ ಸಪ್ಲೈಯನ್ನು ಅದರದೇ ಕೇಬಲ್‌ಗಳೊಂದಿಗೆ ಹಾಕಿದರೂ ಹಾಗೆಯೇ. ಮದರ್‌ಬೋರ್ಡ್ ಸತ್ತಿದೆ ಎನ್ನುತ್ತಾನೆ ಅವನು. ಎಲ್ಲವೂ ಹೊಸದು, ಕ್ಯಾಬಿನೆಟ್ ಮಾತ್ರ ಅಕ್ಕನದು, ಅದರಲ್ಲಿ ಮೊದಲು ಚಿಕ್ಕ ಬೋರ್ಡ್ ಇತ್ತು. ಬೋರ್ಡನ್ನು ವಾಪಸು ಕಳಿಸಲೇ?
— ಕಾಲೇಜು ವಿದ್ಯಾರ್ಥಿ

ಉತ್ತರ: ಕಳಿಸಬೇಡಿ, ಇವತ್ತಿಗಂತೂ ಬೇಡ. ಒಂದು ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯದಲ್ಲಿ 22 ವರ್ಷ ರಿಪೇರಿ ಮಾಡಿಕೊಂಡಿದ್ದವಳು ನಾನು. ಕಾರಣ ಹೊಳೆಯದಿದ್ದಾಗಲೆಲ್ಲ ಮದರ್‌ಬೋರ್ಡಿನ ಮೇಲೆ ಗೂಬೆ ಕೂರಿಸುವುದು ನಮ್ಮ ಕಸುಬಿನ ಹಳೆಯ ಚಾಳಿ. ನಿಮ್ಮ ಗೆಳೆಯನಿಗೂ ಅದು ಅಂಟಿದೆ.

ಆ ಅರ್ಧ ಸುತ್ತು ಎಷ್ಟೆಲ್ಲ ಹೇಳುತ್ತಿದೆ ನೋಡಿ. ಗೋಡೆಯ ಪ್ಲಗ್ ಹಾಕಿ ಹಿಂಬದಿಯ ಸ್ವಿಚ್ ಒತ್ತಿದ ಕೂಡಲೇ, ಕಂಪ್ಯೂಟರ್ ಇನ್ನೂ ಆರಿರುವಾಗಲೇ, ಪವರ್ ಸಪ್ಲೈ ಬೋರ್ಡಿಗೆ 5 ವೋಲ್ಟ್ ಕೊಡುತ್ತಿರುತ್ತದೆ. ಕಾವಲುಗಾರನಿಗೆ ಎಚ್ಚರವಿರಲೆಂದು ಕೊಡುವ ವಿದ್ಯುತ್ತು ಅದು. ನೀವು ಮುಂದಿನ ಬಟನ್ ಒತ್ತಿದಾಗ ಎರಡು ಪಿನ್ನುಗಳು ಕ್ಷಣಕಾಲ ಕೂಡುತ್ತವೆ, ಅಷ್ಟೇ. ಅದನ್ನು ಕಂಡ ಬೋರ್ಡ್ 24 ಪಿನ್ನಿನ ಕನೆಕ್ಟರಿನಲ್ಲಿರುವ ಒಂದು ತಂತಿಯ ಮೂಲಕ ಪವರ್ ಸಪ್ಲೈಗೆ ‘ಈಗ ಪೂರ್ತಿ ಕೊಡು’ ಎನ್ನುತ್ತದೆ. ನಿಮ್ಮ ಫ್ಯಾನ್ ಅಲುಗಾಡಿತೆಂದರೆ ಬಟನ್ ಸರಿಯಿದೆ, ಬೋರ್ಡ್ ಕೇಳಿದೆ, ಪವರ್ ಸಪ್ಲೈ ಕೊಟ್ಟಿದೆ. ಕೊಟ್ಟ ಮರುಗಳಿಗೆಯಲ್ಲಿ ಏನನ್ನೋ ಕಂಡು ಹೆದರಿ ಕೈ ಹಿಂದಕ್ಕೆಳೆದುಕೊಂಡಿದೆ.

ಆಮೇಲೆ ಎಷ್ಟು ಒತ್ತಿದರೂ ಮಿಸುಕಾಡದೆ, ಹಿಂಬದಿಯ ಸ್ವಿಚ್ ಆರಿಸಿ ಹಾಕಿದ ಮೇಲಷ್ಟೇ ಮತ್ತೆ ಒಮ್ಮೆ ಯತ್ನಿಸುತ್ತದೆ ಎಂದು ಬರೆದಿದ್ದೀರಲ್ಲ, ಆ ಒಂದು ಸಾಲು ಬರೆದದ್ದಕ್ಕೆ ನಿಮಗೆ ಪೂರ್ತಿ ಅಂಕ. ಎಲ್ಲೋ ಶಾರ್ಟ್ ಆಗಿ ಕರೆಂಟ್ ಮಿತಿಮೀರಿ ಹರಿದಾಗ ಪವರ್ ಸಪ್ಲೈ ತನ್ನನ್ನು ತಾನೇ ಮುಚ್ಚಿಕೊಳ್ಳುತ್ತದೆ. ಮೂಲ ವಿದ್ಯುತ್ತು ಹೋಗಿ ಬರುವ ತನಕ ಬೀಗ ತೆಗೆಯುವುದಿಲ್ಲ. ಎರಡು ಬೇರೆ ಬೇರೆ ಪವರ್ ಸಪ್ಲೈಗಳೂ ಹೀಗೇ ಮಾಡಿದವೆಂದರೆ ಅವುಗಳದ್ದು ತಪ್ಪಲ್ಲ. ರ‍್ಯಾಮ್ ಬದಲಾಯಿತು, ಕಾರ್ಡ್ ಹೊರಬಂತು. ಹಾಗಾದರೆ ಉಳಿದಿರುವುದು ಬೋರ್ಡ್, ಪ್ರೊಸೆಸರ್, ಕೂಲರ್ ಮತ್ತು ನೀವು ಹೋಗುತ್ತ ಹೋಗುತ್ತ ಬರೆದ ಅಕ್ಕನ ಕ್ಯಾಬಿನೆಟ್.

ನನ್ನ ಅನುಮಾನವೆಲ್ಲ ಅದರ ಮೇಲೆ. ಬೋರ್ಡ್ ನೇರವಾಗಿ ಕ್ಯಾಬಿನೆಟ್ಟಿನ ತಗಡಿಗೆ ತಾಗಬಾರದೆಂದು ಕೆಳಗೆ ಹಿತ್ತಾಳೆಯ ಪುಟ್ಟ ಕಂಬಗಳನ್ನು ತಿರುಗಿಸಿ ಕೂರಿಸಿರುತ್ತಾರೆ. ಸ್ಟ್ಯಾಂಡ್‌ಆಫ್ ಎನ್ನುತ್ತೇವೆ. ಬೋರ್ಡಿನ ತೂತು ಎಲ್ಲಿದೆಯೋ ಅಲ್ಲಿ ಮಾತ್ರ ಅವು ಇರಬೇಕು. ಚಿಕ್ಕ ಬೋರ್ಡ್ ಎಂದರೆ ಬಹುಶಃ 24.4 ಸೆಂಟಿಮೀಟರ್ ಚೌಕದ ಮೈಕ್ರೋ ಎಟಿಎಕ್ಸ್. ನಿಮ್ಮ ಹೊಸದು ದೊಡ್ಡದಾದರೆ 30.5 ಸೆಂಟಿಮೀಟರ್ ಉದ್ದದ ಎಟಿಎಕ್ಸ್. ಚಿಕ್ಕ ಬೋರ್ಡಿನ ಕೆಳ ಅಂಚಿಗೆಂದು ಹಾಕಿದ ಕಂಬಗಳು ದೊಡ್ಡ ಬೋರ್ಡಿನಲ್ಲಿ ತೂತೇ ಇಲ್ಲದ ಜಾಗಕ್ಕೆ ಬರುತ್ತವೆ. ಅಲ್ಲಿ ಬೋರ್ಡಿನ ಬೆನ್ನಿನಲ್ಲಿ ಬೆಸುಗೆಯ ಚೂಪು ತುದಿಗಳಿದ್ದರೆ ಮುಗಿಯಿತು. ಮೇಲಿನಿಂದ ನೋಡಿದರೆ ಇದೊಂದೂ ಕಾಣುವುದಿಲ್ಲ.

ನಾನು ಇಷ್ಟು ಖಾತ್ರಿಯಾಗಿ ಹೇಳಲು ಕಾರಣ, ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಆಗ ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು, ಅಂದರೆ ಗೊತ್ತಿಲ್ಲ ಎನ್ನಲು ಬಾಯಿ ಬರದ ವಯಸ್ಸು. ಹಳೆಯ ಪೆಟ್ಟಿಗೆಗೆ ಹೊಸ ಬೋರ್ಡ್ ಹಾಕಿ ಎರಡು ದಿನ ಒದ್ದಾಡಿದೆ. ಮೂರು ಪವರ್ ಸಪ್ಲೈ ಬದಲಿಸಿದೆ. ಕೊನೆಗೆ ಬೇಸತ್ತು ಬೋರ್ಡನ್ನು ಹೊರಗೆಳೆದು ಮಗುಚಿದರೆ ಬೆನ್ನಿನ ಮೇಲೆ ಕಡಲೆಕಾಳಿನಷ್ಟು ಅಗಲದ, ಫಳಫಳ ಹೊಳೆಯುವ ಗುಂಡನೆಯ ಗೀರು. ಕೆಳಗೆ ನೋಡಿದರೆ ಕಂಬ ನನ್ನನ್ನೇ ದಿಟ್ಟಿಸುತ್ತಿತ್ತು. ಅದನ್ನು ಇಕ್ಕಳದಿಂದ ಬಿಚ್ಚಿದೆ, ಬೋರ್ಡ್ ಎದ್ದು ಕೂತಿತು. ಆ ಕಂಬ ಇವತ್ತಿಗೂ ನನ್ನ ಮೇಜಿನ ಖಾನೆಯಲ್ಲಿದೆ.

ಈಗ ಮಾಡಬೇಕಾದ್ದು. ಗೋಡೆಯ ಪ್ಲಗ್ ಕಿತ್ತು, ಉಳಿದ ವಿದ್ಯುತ್ತು ಇಳಿಯಲೆಂದು ಮುಂದಿನ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ವೈರುಗಳನ್ನು ಬಿಚ್ಚುವ ಮೊದಲು ಮೊಬೈಲಿನಲ್ಲಿ ನಾಲ್ಕಾರು ಫೋಟೊ ತೆಗೆದುಕೊಳ್ಳಿ. ಬೋರ್ಡನ್ನು ಹೊರತೆಗೆದು ಅದು ಬಂದಿದ್ದ ರಟ್ಟಿನ ಡಬ್ಬದ ಮೇಲೆ ಇಡಿ. ಜೊತೆಗೆ ಬಂದ ಬೆಳ್ಳಿ ಬಣ್ಣದ ಚೀಲದ ಮೇಲೆ ಇಡಬೇಡಿ. ಅದರ ಹೊರಮೈ ವಿದ್ಯುತ್ತನ್ನು ಹರಿಸಬಲ್ಲದು. ಪ್ರೊಸೆಸರ್, ಕೂಲರ್, ಒಂದೇ ಒಂದು ರ‍್ಯಾಮ್, 24 ಪಿನ್ನಿನ ಕನೆಕ್ಟರ್, ಪ್ರೊಸೆಸರಿನ ಪಕ್ಕದ 8 ಪಿನ್ನಿನ ಕನೆಕ್ಟರ್, ಇವಿಷ್ಟೇ ಇರಲಿ. ಡಿಸ್ಕ್ ಬೇಡ, ಬಣ್ಣದ ದೀಪಗಳು ಬೇಡ. ಬೋರ್ಡಿನ ಕೈಪಿಡಿಯಲ್ಲಿ ಪವರ್ ಸ್ವಿಚ್ಚಿನ ಎರಡು ಪಿನ್ನು ಯಾವುವೆಂದು ತೋರಿಸಿರುತ್ತದೆ. ಪ್ಲಗ್ ಮತ್ತೆ ಹಾಕಿ, ಸ್ಕ್ರೂಡ್ರೈವರಿನ ತುದಿಯಿಂದ ಆ ಎರಡನ್ನೂ ಒಂದು ಕ್ಷಣ ಮುಟ್ಟಿಸಿ. ಫ್ಯಾನ್ ನಿಲ್ಲದೆ ತಿರುಗಿದರೆ ಅಕ್ಕನ ಕ್ಯಾಬಿನೆಟ್ಟಿನಲ್ಲಿ ಹೆಚ್ಚುವರಿ ಕಂಬ ಹುಡುಕಿ. ಬೋರ್ಡಿನಡಿ ಜಾರಿದ ಸ್ಕ್ರೂ, ಹಿಂಬದಿಯ ತಗಡಿನ ಸ್ಪ್ರಿಂಗ್ ನಾಲಗೆಯೊಂದು ಯುಎಸ್‌ಬಿ ರಂಧ್ರದೊಳಗೆ ನುಗ್ಗಿರುವುದು, ಇವನ್ನೂ ನೋಡಿ.

ಹೊರಗೂ ಅದೇ ಅರ್ಧ ಸುತ್ತಾದರೆ, ಮತ್ತೆ ಪ್ಲಗ್ ಕಿತ್ತು ಪ್ರೊಸೆಸರ್ ತೆಗೆದು, ಸಾಕೆಟ್ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಪಿನ್ನುಗಳು ಸಾಕೆಟ್ಟಿನಲ್ಲೇ ಇರುವ ಬೋರ್ಡಾದರೆ, ಒಂದೇ ಸಮನೆ ಮಿನುಗುವ ಸಾಲಿನ ನಡುವೆ ಬಾಗಿದ್ದು ಪೈರಿನಲ್ಲಿ ಮಲಗಿದ ತೆನೆಯಂತೆ ಬೇರೆಯಾಗಿ ಕಾಣುತ್ತದೆ. ಅಲ್ಲೂ ಎಲ್ಲ ನೆಟ್ಟಗಿದ್ದರೆ ಆಗ ವಾಪಸಿನ ಮಾತು.

ಒಂದು ಗದರಿಕೆಯೂ ಇದೆ. ಮೊದಲ ಬಾರಿ ಬಟನ್ ಒತ್ತುವ ಮುನ್ನವೇ ವೈರು ಕಟ್ಟಿ, ಗಾಜು ಹಾಕಿದ್ದು ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದಂತಾಯಿತು. ಈ ರಟ್ಟಿನ ಡಬ್ಬದ ಪರೀಕ್ಷೆಯನ್ನು ಎಲ್ಲಕ್ಕಿಂತ ಮೊದಲೇ ಮಾಡಿದ್ದರೆ ಈ ಪತ್ರ ಬರೆಯುವ ಕಷ್ಟ ನಿಮಗಿರುತ್ತಿರಲಿಲ್ಲ.

ಪ್ರಶ್ನೆ: ನಮ್ಮ ಮನೆಯಲ್ಲಿ ಜೋಡಿಸಿದ ಕಂಪ್ಯೂಟರಿನಲ್ಲಿ ಎಲ್ಲ ಫ್ಯಾನುಗಳೂ ತಿರುಗುತ್ತವೆ, ದೀಪ ಉರಿಯುತ್ತದೆ, ಪರದೆ ಮಾತ್ರ ಕಪ್ಪು. ಬೀಪ್ ಸದ್ದೂ ಇಲ್ಲ. ಎರಡು ಮೂರು ಸಲ ಬಂದ್ ಮಾಡಿ ಹಾಕಿದ್ದಾಯಿತು.
— ಗೃಹಿಣಿ, ಮಗನ ಪರವಾಗಿ

ಉತ್ತರ: ಬೀಪ್ ಇಲ್ಲದ್ದಕ್ಕೆ ಚಿಂತೆ ಬೇಡ. ಆ ಪುಟ್ಟ ಸ್ಪೀಕರನ್ನು ಈಗ ಹೆಚ್ಚಿನವರು ಡಬ್ಬದಲ್ಲಿ ಇಡುವುದೇ ಇಲ್ಲ. ಬದಲಿಗೆ ಅನೇಕ ಬೋರ್ಡುಗಳ ಅಂಚಿನಲ್ಲಿ ಸಾಸಿವೆಯಷ್ಟು ದೊಡ್ಡ ನಾಲ್ಕು ದೀಪಗಳಿರುತ್ತವೆ: ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಬೂಟ್. ಯಾವುದು ಆರದೆ ಉಳಿಯುತ್ತದೋ ಅಲ್ಲಿ ಗಾಡಿ ನಿಂತಿದೆ.

ರ‍್ಯಾಮ್ ದೀಪ ಉರಿಯುತ್ತಿದ್ದು, ನಿಮ್ಮದು ಡಿಡಿಆರ್5 ಎಂಬ ಹೊಸ ಪೀಳಿಗೆಯದಾಗಿದ್ದರೆ ದಯವಿಟ್ಟು ಬಂದ್ ಮಾಡುವುದನ್ನು ನಿಲ್ಲಿಸಿ. ಮೊದಲ ಸಲ ಹಾಕಿದಾಗ ಬೋರ್ಡ್ ತನ್ನ ರ‍್ಯಾಮಿನ ನಾಡಿ ಹಿಡಿದು ಹೊಂದಿಸಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳಬಹುದು. ಅಷ್ಟು ಹೊತ್ತೂ ಪರದೆ ಕಪ್ಪೇ. ನೀವು ಪ್ರತಿ ಸಲ ನಡುವೆ ಆರಿಸಿದಾಗ ಅದು ಮೊದಲಿನಿಂದ ಶುರು ಮಾಡುತ್ತದೆ. ಹತ್ತು ಹದಿನೈದು ನಿಮಿಷ ಕಾದು ನೋಡಿ. ಆಗಲೂ ಬಾರದಿದ್ದರೆ ಒಂದೇ ರ‍್ಯಾಮ್ ಇಟ್ಟು, ಪ್ರೊಸೆಸರಿನಿಂದ ಎಣಿಸಿ ಎರಡನೆಯ ಸ್ಲಾಟಿನಲ್ಲಿ, ಅಂದರೆ ಅದನ್ನು ಕೂರಿಸುವ ಸೀಳಿನಲ್ಲಿ, ಒತ್ತಿ. ನಾಲ್ಕು ಸ್ಲಾಟಿನ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಮೊದಲು ತುಂಬಬೇಕಾದ್ದು ಅದು. ಕಟಕ್ ಎಂದು ಸದ್ದು ಬರುವವರೆಗೆ ಒತ್ತಬೇಕು. ಹೊಸಬರೆಲ್ಲ ಇಲ್ಲಿ ಅಂಜಿ ಅರ್ಧಕ್ಕೇ ಬಿಡುತ್ತಾರೆ.

ಗ್ರಾಫಿಕ್ಸ್ ದೀಪವಾದರೆ ಮಾನಿಟರಿನ ಕೇಬಲ್ ಎಲ್ಲಿಗೆ ಚುಚ್ಚಿದ್ದೀರಿ ನೋಡಿ. ಕಾರ್ಡ್ ಇದ್ದರೆ ಕೇಬಲ್ ಕಾರ್ಡಿಗೆ ಹೋಗಬೇಕು, ಬೋರ್ಡಿಗಲ್ಲ. ಇನ್‌ಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇರುವುದೇ ಇಲ್ಲ; ಬೋರ್ಡಿನ ರಂಧ್ರ ಆಗ ಬರೀ ಅಲಂಕಾರಕ್ಕೆ. ಮಗನಿಗೆ ಇದನ್ನು ಬೈಯದೆ ಹೇಳಿ, ಬಲ್ಲವರೂ ಮಾಡುವ ತಪ್ಪು.

ಪ್ರಶ್ನೆ: ಪ್ರೊಸೆಸರ್ ಬೋರ್ಡಿಗಿಂತ ಹೊಸದು. ಸಾಕೆಟ್ ಒಂದೇ, ಸರಿಯಾಗಿ ಕೂತಿದೆ. ಆದರೂ ಪ್ರೊಸೆಸರ್ ದೀಪ ಆರುವುದಿಲ್ಲ.

ಉತ್ತರ: ಬೋರ್ಡನ್ನು ಎಬ್ಬಿಸುವ ಮೂಲ ತಂತ್ರಾಂಶವಾದ ಬಯಾಸ್‌ಗೆ ಈ ಹೊಸಬನ ಪರಿಚಯವಿಲ್ಲದಿರಬಹುದು. ತಯಾರಕರ ಜಾಲತಾಣದಲ್ಲಿ ನಿಮ್ಮ ಬೋರ್ಡಿನ ಹೆಸರಿನಡಿ ಪ್ರೊಸೆಸರುಗಳ ಪಟ್ಟಿಯಿದೆ. ಯಾವುದಕ್ಕೆ ಬಯಾಸಿನ ಎಷ್ಟನೆಯ ಆವೃತ್ತಿ ಬೇಕೆಂದು ಅಲ್ಲೇ ಬರೆದಿರುತ್ತದೆ. ಹಿಂಬದಿಯಲ್ಲಿ ಫ್ಲ್ಯಾಶ್‌ಬ್ಯಾಕ್ ಬಟನ್ (ಪ್ರೊಸೆಸರಿನ ನೆರವಿಲ್ಲದೆಯೇ ಬಯಾಸ್ ಬದಲಿಸುವ ಬಟನ್) ಇದ್ದರೆ ಅದೃಷ್ಟವಂತರು. ಎಫ್‌ಎಟಿ32 ಮಾದರಿಗೆ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೆ ಹೊಸ ಬಯಾಸಿನ ಕಡತ ಹಾಕಿ, ಕೈಪಿಡಿ ಹೇಳಿದ ಹೆಸರನ್ನೇ ಅದಕ್ಕಿಟ್ಟು, ಗುರುತು ಮಾಡಿದ ಯುಎಸ್‌ಬಿ ರಂಧ್ರಕ್ಕೆ ಚುಚ್ಚಿ ಆ ಬಟನ್ ಒತ್ತಿ. ದೀಪ ಮಿನುಗುವುದು ನಿಲ್ಲುವ ತನಕ ಯಾರೂ ಪ್ಲಗ್ ಮುಟ್ಟಬಾರದು. ಬಟನ್ ಇಲ್ಲದಿದ್ದರೆ, ಬಯಾಸ್ ಬದಲಿಸುವಷ್ಟು ಹೊತ್ತು ಕೂರಿಸಲು ಹಳೆಯ ಪ್ರೊಸೆಸರ್ ಒಂದನ್ನು ಯಾರಿಂದಲಾದರೂ ಒಂದು ಗಂಟೆಗೆ ಎರವಲು ತರಬೇಕು.

ಪ್ರಶ್ನೆ: ಹೊಸ ಪವರ್ ಸಪ್ಲೈಯ ಕೇಬಲ್ ಗಿಡ್ಡವಾಯಿತು. ಹಳೆಯ, ಬೇರೆ ಕಂಪನಿಯ ಪವರ್ ಸಪ್ಲೈಯ ಕೇಬಲ್ ಸರಿಯಾಗಿ ಕೂರುತ್ತದೆ. ಬಳಸಬಹುದೇ?

ಉತ್ತರ: ಬೇಡವೇ ಬೇಡ. ಬಿಚ್ಚಿ ಹಾಕುವ ಕೇಬಲ್‌ಗಳಲ್ಲಿ ಬೋರ್ಡಿನ ಕಡೆಯ ತುದಿಗೆ ನಿಯಮವಿದೆ, ಪವರ್ ಸಪ್ಲೈ ಕಡೆಯ ತುದಿಗೆ ಇಲ್ಲ. ಒಬ್ಬರು 12 ವೋಲ್ಟ್ ಇಟ್ಟ ಜಾಗದಲ್ಲಿ ಇನ್ನೊಬ್ಬರು 5 ವೋಲ್ಟ್ ಇಟ್ಟಿರಬಹುದು. ಸರಿಯಾಗಿ ಕೂತಿತು ಎಂದು ಹಾಕಿದ ಒಂದು ಕೇಬಲ್ಲಿಗೆ ಎರಡು ಡಿಸ್ಕ್ ಸುಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ. ಗಿಡ್ಡವಾದರೆ ಬೋರ್ಡಿನ ಕಡೆಯ ತುದಿಗೆ ಜೋಡಿಸುವ ಎಕ್ಸ್‌ಟೆನ್ಷನ್ ಕೇಬಲ್ ತನ್ನಿ. ಪವರ್ ಸಪ್ಲೈಯ ಡಬ್ಬ ಬಿಚ್ಚಿ ಒಳಗೆ ಉದ್ದದ ತಂತಿ ಬೆಸೆಯುವ ಯೋಚನೆಯೇನಾದರೂ ಇದ್ದರೆ ಈಗಲೇ ಬಿಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೀರಿದ ವಿದ್ಯುತ್ತು ಉಳಿದಿರಬಹುದು.