ಕ್ರಿಶ್ಚಿಯನ್ ಸಸ್ಪೆನ್ಸ್ ಕಾದಂಬರಿಗಳನ್ನು ಸುಮ್ನೆ ಖುಷಿಗೆ ಓದಬಹುದಾ? ಉಪದೇಶವೇ ಜಾಸ್ತಿ ಇರುತ್ತಾ?

ಖಂಡಿತ ಓದಬಹುದು. ಕೆಲವು ಪುಸ್ತಕಗಳಲ್ಲಿ ಉಪದೇಶ ಜಾಸ್ತಿ, ನಿಜ. ಒಳ್ಳೆಯವುಗಳಲ್ಲಿ ಮಾತ್ರ ನಂಬಿಕೆಯೇ ಕಥೆಯನ್ನು ಓಡಿಸುತ್ತದೆ. ಅಮೆರಿಕದ ಫ್ರಾಂಕ್ ಪೆರೆಟಿ ಅವರ ‘ದಿಸ್ ಪ್ರೆಸೆಂಟ್ ಡಾರ್ಕ್‌ನೆಸ್’ (1986) ನೋಡಿ. ಸಣ್ಣ ಊರು, ಒಬ್ಬ ಪಾಸ್ಟರ್, ಒಬ್ಬ ಪತ್ರಿಕಾ ಸಂಪಾದಕ. ಅವರ ಕಣ್ಣಿಗೆ ಕಾಣದಂತೆ ದೇವದೂತರಿಗೂ ದೆವ್ವಗಳಿಗೂ ಯುದ್ಧ. ಜನ ಪ್ರಾರ್ಥಿಸಿದಷ್ಟೂ ದೂತರ ಬಲ ಹೆಚ್ಚುತ್ತದೆ. ಹಾಗಾಗಿ ಯಾರೋ ಮೊಣಕಾಲೂರಿ ಕೂತ ದೃಶ್ಯದಲ್ಲೂ ಎದೆ ಢವಢವ ಅನ್ನುತ್ತದೆ!

ಇಷ್ಟು ಅಬ್ಬರ ಬೇಡ ಅಂದರೆ ಇಂಗ್ಲೆಂಡಿನ ಚೆಸ್ಟರ್‌ಟನ್ ಬರೆದ ಫಾದರ್ ಬ್ರೌನ್ ಕಥೆಗಳಿಂದ ಶುರು ಮಾಡಿ. ಮೊದಲ ಸಂಕಲನ ಬಂದಿದ್ದು 1911ರಲ್ಲಿ. ಪಾಪನಿವೇದನೆ ಕೇಳಿ ಕೇಳಿ ಈ ಪಾದ್ರಿಗೆ ಮನುಷ್ಯರ ಕೆಡುಕು ಚೆನ್ನಾಗಿ ಗೊತ್ತು. ಕಳ್ಳನನ್ನು ಪತ್ತೆ ಹಚ್ಚುವುದಷ್ಟೇ ಅಲ್ಲ, ಅವನು ಬದಲಾಗಲಿ ಅಂತಲೂ ಒದ್ದಾಡುತ್ತಾರೆ. ನನಗಂತೂ ಇವೇ ಹೆಚ್ಚು ಇಷ್ಟ.